ಊರಿಗೆ ಬರುವ ವಸ್ತುಸಂಗ್ರಹಾಲಯ

ಮದರಾಸಿನ ಜನ ತಮ್ಮ ಊರಿನ ಮೃಗಾಲಯವನ್ನು ‘ಬದುಕಿದ ಕಾಲೇಜು’ ಎಂದೂ ಮ್ಯೂಸಿಯಮ್ಮನ್ನು ‘ಸತ್ತ ಕಾಲೇಜು’ ಎಂದೂ ಕರೆಯುತ್ತಿದ್ದರಂತೆ. ಆ ಹೆಸರನ್ನು ಇಟ್ಟ ಪುಣ್ಯಾತ್ಮ ಯಾರೋ, ಅವನು ವಿಮರ್ಶಕನಾಗಬೇಕಾಗಿತ್ತು. ಗಾಜಿನ ಪೆಟ್ಟಿಗೆ, ಅದರೊಳಗೆ ಒಂದು ಮುಕ್ಕಾದ ವಿಗ್ರಹ, ಕೆಳಗೆ ಮಾಸಿದ ಚೀಟಿ, ಬಾಗಿಲಲ್ಲಿ ತೂಕಡಿಸುವ ಜವಾನ. ಇಷ್ಟನ್ನು ನೋಡಿ ಹೊರಬಂದವನಿಗೆ ಬೇರೆ ಮಾತು ಹೊಳೆಯುವುದು ಕಷ್ಟವೇ. ಈಗ ಕೆಲವು ಕಾಲದಿಂದ ಈ ಸತ್ತ ಕಾಲೇಜಿಗೆ ಚಕ್ರ ಕಟ್ಟಿ ಹಳ್ಳಿಗಳಿಗೆ ಕಳುಹಿಸುವ ಪ್ರಯತ್ನ ನಡೆದಿದೆ. ಪ್ರಯತ್ನ ಒಳ್ಳೆಯದು. ಆದರೆ ಚಕ್ರ ಕಟ್ಟಿದ ಮಾತ್ರಕ್ಕೆ ಜೀವ ಬರುತ್ತದೆಯೆ ಎಂಬುದನ್ನು ಕೇಳಬೇಕಾಗಿದೆ. ಆ ಪ್ರಶ್ನೆಯನ್ನು ಗಾಳಿಯಲ್ಲಿ ಕೇಳುವುದಕ್ಕಿಂತ ಒಂದು ಊರನ್ನು ಎದುರಿಗೆ ಇಟ್ಟುಕೊಂಡು ಕೇಳುವುದು ಮೇಲು. ನಾನು ಆರಿಸಿಕೊಂಡಿರುವ ಊರು ಸೊರಬ ತಾಲ್ಲೂಕಿನ ಕುಬಟೂರು.

ಊರಿನ ಮಾತಿಗೆ ಬರುವ ಮೊದಲು ಈ ಸಂಚಾರಿ ಪ್ರದರ್ಶನಗಳ ಕುಲಗೋತ್ರವನ್ನು ಸ್ವಲ್ಪ ಹೇಳಬೇಕು. ಇದೇನೂ ಹೊಸ ಕಲ್ಪನೆಯಲ್ಲ. ಲಂಡನ್ನಿನಲ್ಲಿ ಈಗ ವಿಕ್ಟೋರಿಯ ಮತ್ತು ಆಲ್ಬರ್ಟ್ ಹೆಸರು ಹೊತ್ತಿರುವ ಸಂಗ್ರಹಾಲಯ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ತನ್ನ ವಸ್ತುಗಳನ್ನು ಪೆಟ್ಟಿಗೆಗೆ ತುಂಬಿ ಬೇರೆ ಬೇರೆ ಊರುಗಳ ಕಲಾಶಾಲೆಗಳಿಗೆ ಕಳುಹಿಸುತ್ತಿತ್ತು. ಆ ಕೆಲಸಕ್ಕೆಂದೇ ಇದ್ದ ಅದರ ವಿಭಾಗವನ್ನು 1977ರಲ್ಲಿ ಮುಚ್ಚಿದರು. ಖರ್ಚು ತಗ್ಗಿಸಬೇಕಾದಾಗ ಯಾವ ದೇಶದಲ್ಲಾದರೂ ಮೊದಲು ಕತ್ತರಿ ಬೀಳುವುದು ದೂರದ ಊರಿನವರ ಪಾಲಿಗೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ 1952ರಲ್ಲಿ ಸಂಚಾರಿ ಪ್ರದರ್ಶನಗಳಿಗಾಗಿ ಒಂದು ಶಾಖೆಯನ್ನು ತೆರೆಯಿತು. ಮರು ವರ್ಷ, 1953ರಲ್ಲಿ, ಯುನೆಸ್ಕೋ ಈ ವಿಷಯಕ್ಕೆ ಒಂದು ಕೈಪಿಡಿಯನ್ನೇ ಅಚ್ಚು ಹಾಕಿಸಿತು. ವಸ್ತುಗಳನ್ನು ಪೆಟ್ಟಿಗೆಯಲ್ಲಿ ಹೇಗೆ ಕಟ್ಟಬೇಕು, ಹೇಗೆ ಬಿಚ್ಚಬೇಕು ಎಂಬುದನ್ನು ಇಂಥ ಕೈಪಿಡಿಗಳು ಚೆನ್ನಾಗಿ ಕಲಿಸುತ್ತವೆ. ಪೆಟ್ಟಿಗೆ ಬಿಚ್ಚಿದ ಮೇಲೆ ಎದುರು ನಿಂತವರೊಡನೆ ಏನು ಮಾತನಾಡಬೇಕು ಎಂಬುದನ್ನು ಯಾವ ಕೈಪಿಡಿಯೂ ಅಷ್ಟು ಚೆನ್ನಾಗಿ ಕಲಿಸಲಾರದು.

ನಮ್ಮ ದೇಶದಲ್ಲಿ ಈ ಕೆಲಸವನ್ನು ಹಟ ಹಿಡಿದು ಮಾಡಿದವರು ವಿಜ್ಞಾನದವರು. ಕಲ್ಕತ್ತೆಯ ಬಿರ್ಲಾ ಕೈಗಾರಿಕಾ ಸಂಗ್ರಹಾಲಯ 1965ರಲ್ಲಿ ಬಸ್ಸಿನ ಮೇಲೆ ವಿಜ್ಞಾನ ಪ್ರದರ್ಶನವನ್ನು ಹೊರಡಿಸಿತು. ಅದೇ ವರ್ಷ ಜನರಿಗೆ ಬಾಗಿಲು ತೆರೆದ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ಮುಂದೆ ಅದೇ ದಾರಿ ಹಿಡಿದು, ದಕ್ಷಿಣದ ಹಳ್ಳಿ ಪೇಟೆಗಳ ಶಾಲೆಗಳಿಗೆ ತನ್ನ ಬಸ್ಸನ್ನು ಕಳುಹಿಸುತ್ತ ಬಂದಿದೆ. 2007ರಲ್ಲಿ ಒಂದು ರೈಲನ್ನೇ ವಿಜ್ಞಾನದ ಪ್ರದರ್ಶನವನ್ನಾಗಿ ಮಾಡಿ ದೇಶ ಸುತ್ತಿಸಿದರು; ಹತ್ತು ವರ್ಷ ಅದು ಓಡಿತು. ಆನವಟ್ಟಿಗೆ ಹಳಿಯೇ ಇಲ್ಲವಾದ್ದರಿಂದ ಅದರ ವಿಚಾರ ಇಲ್ಲಿ ಬೇಡ. ಇತಿಹಾಸ ಮತ್ತು ಕಲೆಯ ಕಡೆಯಿಂದ ಹೇಳಬೇಕಾದ್ದು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ, ಎಂದರೆ ಹಳಬರ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಅದು 2015ರಿಂದ ಬಸ್ಸಿನೊಳಗೆ ಗಾಜಿನ ಪೆಟ್ಟಿಗೆಗಳನ್ನೂ ಪ್ರತಿಕೃತಿಗಳನ್ನೂ ಮಕ್ಕಳು ಕೈಯಾರೆ ಮಾಡಿ ನೋಡುವ ಸಾಮಗ್ರಿಗಳನ್ನೂ ಇಟ್ಟು ಶಾಲೆಗಳಿಗೆ ಒಯ್ಯುತ್ತಿದೆ.

ವಿಜ್ಞಾನದ ಬಸ್ಸು ಗೆದ್ದಷ್ಟು ಸುಲಭವಾಗಿ ಇತಿಹಾಸದ ಬಸ್ಸು ಗೆಲ್ಲಲಾರದು. ಅದಕ್ಕೆ ಕಾರಣ ಸ್ಪಷ್ಟವಾಗಿದೆ. ಸನ್ನೆಕೋಲಿನ ನಿಯಮ ಕಲ್ಕತ್ತೆಯಲ್ಲಿ ಒಂದು, ಕುಬಟೂರಿನಲ್ಲಿ ಇನ್ನೊಂದು ಆಗಿರುವುದಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಹಿಡಿ ತಿರುಗಿಸಿದರೆ ಚಕ್ರ ಸುತ್ತುತ್ತದೆ. ಹುಡುಗನ ಮುಖ ಅರಳುತ್ತದೆ. ಒಂದೇ ಯಂತ್ರವನ್ನು ನೂರು ಊರಿಗೆ ತೋರಿಸಿದರೂ ಪ್ರತಿಯೊಂದು ಊರಿಗೂ ಅದು ನಿಜವಾಗಿಯೇ ಉಳಿಯುತ್ತದೆ. ಇತಿಹಾಸದ ಸಂಗತಿ ಹಾಗಲ್ಲ. ಅದಕ್ಕೆ ನೆಲವುಂಟು, ಹೆಸರುಂಟು, ಒಕ್ಕಲುಂಟು. ಹರಪ್ಪದ ಮುದ್ರೆಯ ಪ್ರತಿಕೃತಿಯನ್ನು ಮಲೆನಾಡಿನ ಹುಡುಗನಿಗೆ ತೋರಿಸಬಾರದೆಂದು ನಾನು ಹೇಳುತ್ತಿಲ್ಲ, ತೋರಿಸಲೇಬೇಕು. ಆದರೆ ತನ್ನ ಮನೆಯ ಹಿತ್ತಿಲಲ್ಲಿ ಎಂಟು ನೂರು ವರ್ಷದ ಬರೆಹವನ್ನು ಇಟ್ಟುಕೊಂಡು ಅದರ ಮೇಲೆ ಬಟ್ಟೆ ಒಗೆಯುವ ಊರಿಗೆ, ಯಾರೂ ಇನ್ನೂ ಓದಲಾರದ ಲಿಪಿಯ ಮುದ್ರೆಯೊಂದನ್ನು ಮಾತ್ರ ತೋರಿಸಿ ಬಂಡಿ ಮುಂದಕ್ಕೆ ಹೋದರೆ ಅದನ್ನು ಶಿಕ್ಷಣವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಕುಬಟೂರು ಅಂಥ ಊರುಗಳಲ್ಲೆಲ್ಲ ಮೊದಲ ಸಾಲಿನದು. ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಹಾನಗಲ್ಲಿನತ್ತ ಹೋಗುವ ದಾರಿಯಲ್ಲಿ ಆನವಟ್ಟಿ ಸಿಕ್ಕುತ್ತದೆ. ಅದರ ಮಗ್ಗುಲಲ್ಲೇ ಈ ಊರು. ದಾರಿಯುದ್ದಕ್ಕೂ ಕನ್ನಡದ ಪುರಾತನ ಇತಿಹಾಸ ಹರಡಿಕೊಂಡಿದೆ. ತಾಳಗುಂದದಲ್ಲಿ ಕುಬ್ಜಕವಿ ಬರೆದ ಕದಂಬರ ಸ್ತಂಭಶಾಸನ, ಬಳ್ಳಿಗಾವೆಯಲ್ಲಿ ಕೇದಾರೇಶ್ವರ, ತ್ರಿಪುರಾಂತಕೇಶ್ವರ, ಪಡುವಣಕ್ಕೆ ಬನವಾಸಿ. ಶಾಸನಗಳಲ್ಲಿ ಕುಬಟೂರಿನ ಹೆಸರು ಕುಪ್ಪಟೂರು. ಬಿ. ಎಲ್. ರೈಸ್ ಸಾಹೇಬರು 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟವನ್ನು ತೆರೆದರೆ ಸೊರಬ ತಾಲ್ಲೂಕೊಂದರದೇ ನೂರಾರು ಶಾಸನಗಳು. ಅವುಗಳಲ್ಲಿ ಈ ಊರಿನವು ಸಾಕಷ್ಟು. ಕೈಟಭೇಶ್ವರನ ಗುಡಿಯ ವಿಶಾಲವಾದ ಮಂಟಪದಲ್ಲಿ ತಿರುಗಣೆಯ ಕಂಬಗಳ ನಡುವೆ ನಿಂತಾಗ, ಬಳಪದ ಕಲ್ಲು ಇಷ್ಟು ನಯಕ್ಕೆ ಒಲಿಯುತ್ತದೆಯೆ ಎಂದು ನನಗೆ ಬೆರಗಾಯಿತು. ಅದಕ್ಕಿಂತ ಹೆಚ್ಚು ಬೆರಗಾದದ್ದು, ಇಷ್ಟು ದೊಡ್ಡ ಗುಡಿಯನ್ನು ನೋಡಲು ಬಂದವರು ಆ ಹೊತ್ತಿನಲ್ಲಿ ನಾನೊಬ್ಬನೇ ಎಂಬುದಕ್ಕೆ.

ಈ ಊರಿಗೆ ಇನ್ನೊಂದು ಹೆಸರೂ ಉಂಟು. ಚಂದ್ರಹಾಸನ ಕಥೆಯ ಕುಂತಳನಗರ ಇದೇ ಎಂದು ಸ್ಥಳೀಯರು ಹೇಳುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆ, ಓದದಿದ್ದರೂ ಬಯಲಾಟದಲ್ಲಿ ನೋಡಿದವರಿಗೆ, ಆ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ದುಷ್ಟಬುದ್ಧಿ ಬರೆದ ಓಲೆಯಲ್ಲಿ ವಿಷ ಎಂದಿದ್ದುದನ್ನು ಅವನ ಮಗಳು ವಿಷಯೆ ತನ್ನ ಹೆಸರಾಗುವಂತೆ ತಿದ್ದಿದಳು, ಸಾಯಬೇಕಾಗಿದ್ದವನು ಮದುಮಗನಾದ. ಇದು ಇತಿಹಾಸವಲ್ಲ, ಪುರಾಣ, ಸರಿಯೆ. ಆದರೆ ಒಂದು ಅಕ್ಷರದಿಂದ ಪ್ರಾಣ ಉಳಿದ ಊರು ಇದು ಎಂದು ನಂಬಿರುವ ಜನರ ಎದುರಿಗೆ ಚೀಟಿ ಬರೆದು ಅಂಟಿಸುವವರು ಅಕ್ಷರದ ವಿಷಯದಲ್ಲಿ ಕೊಂಚ ಎಚ್ಚರದಿಂದ ಇರಬೇಕಲ್ಲವೆ?

ಈ ಮಾತನ್ನು ನಾನು ತಮಾಷೆಗೆ ಮಾತ್ರ ಹೇಳಿದ್ದಲ್ಲ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಪೇಟೆಯ ಹೈಸ್ಕೂಲಿನ ಮೈದಾನದಲ್ಲಿ ನಾನು ಒಂದು ಸಂಚಾರಿ ಪ್ರದರ್ಶನವನ್ನು ನೋಡಿದೆ. ಯಾವ ಸಂಸ್ಥೆಯದೆಂದು ಹೆಸರಿಸುವುದು ಬೇಡ. ಅಲ್ಲಿ ಕಂಡ ದೋಷ ಒಬ್ಬರದಲ್ಲ. ಚಿತ್ರಗಳು ದೊಡ್ಡವಾಗಿದ್ದುವು, ಮುದ್ರಣ ಅಚ್ಚುಕಟ್ಟಾಗಿತ್ತು. ಚಿತ್ರದ ಕೆಳಗಣ ಕನ್ನಡ ಮಾತ್ರ ಇಂಗ್ಲಿಷಿನ ಕೋಟು ತೊಟ್ಟು ಬೆವರುತ್ತಿತ್ತು. ‘ಲಲಿತಾಸನದಲ್ಲಿ ಉಪವಿಷ್ಟವಾದ ಚತುರ್ಭುಜ ದೇವತಾಪ್ರತಿಮೆ, ಸು. ಹನ್ನೆರಡನೆಯ ಶ.’ ಎಂಬ ಧಾಟಿಯ ವಾಕ್ಯಗಳು. ಒಂದು ಕಾಲು ಮಡಿಸಿ ಒಂದು ಕಾಲು ಇಳಿಬಿಟ್ಟು ಕುಳಿತ ದೇವಿ ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಒಂದು ತರಗತಿಗೆ ಹತ್ತು ನಿಮಿಷವೆಂದು ಉಪಾಧ್ಯಾಯರು ಲೆಕ್ಕ ಹಾಕಿ ಮಕ್ಕಳನ್ನು ಸಾಲಾಗಿ ಒಳಗೆ ಬಿಟ್ಟು ಸಾಲಾಗಿ ಹೊರಗೆ ತಂದರು. ಹುಡುಗಿಯೊಬ್ಬಳು ಒಂದು ಚಿತ್ರದ ಮುಂದೆ ನಿಂತು, “ಇಂಥಾದ್ದು ನಮ್ಮೂರ ಕೆರೆ ಏರಿ ಮೇಲೂ ಐತ್ರಿ” ಎಂದಳು. ಅದು ವೀರಗಲ್ಲಿನ ಚಿತ್ರ. ಆಕೆಯ ಮಾತಿಗೆ ಉತ್ತರ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಬಂಡಿಯೊಡನೆ ಬಂದವನು ವಿದ್ಯುತ್ತಿನ ತಂತಿ ನೋಡಿಕೊಳ್ಳುತ್ತಿದ್ದ.

ನನ್ನ ಮಟ್ಟಿಗೆ ಇಡೀ ಪ್ರದರ್ಶನದಲ್ಲಿ ಆ ಹುಡುಗಿಯ ಮಾತೊಂದೇ ಇತಿಹಾಸ. ಆಕೆಯ ಊರಿನ ಕಲ್ಲಿನ ಮೇಲೆ ಏನು ಬರೆದಿದೆ, ಯಾರು ಸತ್ತ, ಯಾರ ದನಗಳಿಗಾಗಿ ಕಾದಾಡಿ ಸತ್ತ, ಅವನನ್ನು ಕೈ ಹಿಡಿದು ಕರೆದೊಯ್ಯುತ್ತಿರುವ ಆ ಹೆಂಗಸರು ಯಾರು ಎಂದು ಐದು ನಿಮಿಷ ಹೇಳಿದ್ದರೆ ಬಂಡಿಯ ಪೆಟ್ರೋಲಿನ ಖರ್ಚು ಸಾರ್ಥಕವಾಗುತ್ತಿತ್ತು.

ಚೀಟಿಗಳ ವಿಷಯದಲ್ಲಿ ಇನ್ನೂ ಒಂದು ತೊಡಕುಂಟು. ಕೈಟಭೇಶ್ವರ ಗುಡಿಯನ್ನೇ ತೆಗೆದುಕೊಳ್ಳಿ. ಹೊಯ್ಸಳ ವಿನಯಾದಿತ್ಯನ ಕಾಲದಲ್ಲಿ ಸುಮಾರು 1100ರಲ್ಲಿ ಕಟ್ಟಿದ್ದೆಂದು ಕೆಲವೆಡೆ ಬರೆದಿರುವುದನ್ನು ಕಾಣುತ್ತೇವೆ. ವಿನಯಾದಿತ್ಯನ ಆಳ್ವಿಕೆ 1098ಕ್ಕೆ ಮುಗಿಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಕಾಲಕ್ಕೆ ಈ ನೆಲ ಬನವಾಸಿ ಹನ್ನೆರಡು ಸಾವಿರಕ್ಕೆ ಸೇರಿದ್ದು. ಮೇಲಿನ ಒಡೆತನ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನದು. ಹೊಯ್ಸಳರು ಇನ್ನೂ ಅವನ ಸಾಮಂತರು. ಗುಡಿಯ ಕಟ್ಟಡದ ರೀತಿಯನ್ನು ನೋಡಿ ಅದನ್ನು ಚಾಲುಕ್ಯ ಸಂಪ್ರದಾಯಕ್ಕೆ ಸೇರಿಸಿದ ವಿದ್ವಾಂಸರೂ ಇದ್ದಾರೆ. ನನ್ನ ಒಲವೂ ಆ ಕಡೆಗೇ. ಆದರೆ ಇಲ್ಲಿ ಯಾರು ಸರಿ ಎಂಬುದಕ್ಕಿಂತ ಮುಖ್ಯವಾದ ಮಾತು ಬೇರೆ: ಪ್ರದರ್ಶನದ ಫಲಕದಲ್ಲಿ ‘ಹೊಯ್ಸಳ, 1100’ ಎಂದು ಎರಡು ಶಬ್ದ ಬರೆದು ಮುಗಿಸುವುದರಿಂದ ಮಕ್ಕಳ ಪಾಲಿನ ಅತ್ಯುತ್ತಮವಾದ ಪಾಠವನ್ನೇ ಕಸಿದುಕೊಂಡಂತಾಯಿತು. ಎರಡು ಅಭಿಪ್ರಾಯಗಳಿವೆ, ಎರಡಕ್ಕೂ ಇಂಥಿಂಥ ಆಧಾರ, ಗುಡಿಗೆ ಹೋಗಿ ಕಂಬ ನೋಡಿ, ಬಳ್ಳಿಗಾವೆಗೆ ಹೋಗಿ ಅಲ್ಲಿನ ಕಂಬ ನೋಡಿ, ನಿಮಗೇನು ತೋರುತ್ತದೆ ಹೇಳಿ ಎಂದರೆ ಹೈಸ್ಕೂಲಿನ ಹುಡುಗರು ಜಗಳವಾಡಿಯಾರು. ಆಡಲಿ. ಇತಿಹಾಸದ ಪಾಠದಲ್ಲಿ ಜಗಳವಾಡಿದ ಹುಡುಗ ಇಸವಿ ಬಾಯಿಪಾಠ ಮಾಡಿದವನಿಗಿಂತ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತಾನೆ.

ಹಾಗಾದರೆ ಕುಬಟೂರಿಗೆ ಬರುವ ಬಂಡಿ ಏನನ್ನು ತರಬೇಕು? ನನ್ನ ಅಭಿಪ್ರಾಯದಲ್ಲಿ ಅದು ಮೊದಲು ತರಬೇಕಾದ್ದು ಕುಬಟೂರನ್ನೇ. ಇದು ವಿಚಿತ್ರವಾಗಿ ಕೇಳಿಸಬಹುದು. ಆದರೆ ಊರಿನಲ್ಲಿರುವ ಕಲ್ಲಿನ ಓದು ಊರಿನಲ್ಲಿಲ್ಲ. ಅದು ಬೆಂಗಳೂರು ಮೈಸೂರುಗಳ ಗ್ರಂಥಭಂಡಾರಗಳಲ್ಲಿ ಸಂಪುಟಗಳೊಳಗೆ ಕುಳಿತಿದೆ. 1070ರ ದಶಕದ ಒಂದು ಶಾಸನವನ್ನು ಉದಾಹರಣೆಗೆ ಹೇಳುತ್ತೇನೆ. ಬನವಾಸಿಯ ಕದಂಬ ಕೀರ್ತಿದೇವನ ಹಿರಿಯರಸಿ ಮಾಳಲದೇವಿ ಕುಪ್ಪಟೂರಿನಲ್ಲಿ ಪಾರ್ಶ್ವನಾಥನ ಚೈತ್ಯಾಲಯಕ್ಕೆ ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ಮಾಡಿಸಿದಳು. ಆಮೇಲೆ ಆ ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿ, ಅವರಿಂದಲೇ ಅದಕ್ಕೆ ‘ಬ್ರಹ್ಮಜಿನಾಲಯ’ ಎಂಬ ಹೆಸರನ್ನು ಇಡಿಸಿದಳು. ಬಸದಿಗೆ ಅಗ್ರಹಾರದವರು ನಾಮಕರಣ ಮಾಡಿದ ಈ ಸಂಗತಿಯನ್ನು ಊರಿನ ಎಷ್ಟು ಮಕ್ಕಳು ಬಲ್ಲರು? ಅರಸರ ಯುದ್ಧಗಳ ಪಟ್ಟಿಗಿಂತ ಈ ಒಂದು ಹೆಸರು ಹೇಳುವುದು ಹೆಚ್ಚಲ್ಲವೆ? ಮಾಳಲದೇವಿ ಚತುರೆ, ತಾನು ಕಟ್ಟಿಸಿದ್ದು ಊರಿನದಾಗಬೇಕಾದರೆ ಊರಿನವರ ಬಾಯಲ್ಲಿಯೇ ಅದರ ಹೆಸರು ಹುಟ್ಟಬೇಕು ಎಂಬುದನ್ನು ಅವಳು ತಿಳಿದಿದ್ದಳು. ಈಗಿನ ಪ್ರದರ್ಶನಗಳನ್ನು ಏರ್ಪಡಿಸುವವರಲ್ಲಿ ಅನೇಕರು ಇನ್ನೂ ತಿಳಿದಿಲ್ಲ.

ಎರಡನೆಯದಾಗಿ, ಅಚ್ಚು ತೆಗೆಯುವ ವಿದ್ಯೆಯನ್ನು ತರಬೇಕು. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿಯ ಗಿಂಡಿಯನ್ನು ಒತ್ತಿದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಎದ್ದು ಬರುತ್ತವೆ. ಇದನ್ನು ಕಣ್ಣಾರೆ ಕಂಡವರಿಗೆ ಗೊತ್ತು; ಯಾವ ಗುಂಡಿ ಒತ್ತಿ ಹತ್ತಿಸಿದ ದೀಪವೂ ಅಷ್ಟು ಸೊಗಸಾಗಿರುವುದಿಲ್ಲ. ರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಇದನ್ನು ಮಾಡಬಾರದು, ಮಾಡಗೊಡಲೂಬಾರದು. ಆದರೆ ಒಂದು ಶಾಸನದ ಪ್ರತಿಕೃತಿಯನ್ನು ಬಂಡಿಯಲ್ಲಿ ತಂದು ಅದರ ಮೇಲೆ ಮಕ್ಕಳಿಂದ ಮಾಡಿಸಲು ಯಾರ ಅಡ್ಡಿಯೂ ಇಲ್ಲ. ಕೇಂದ್ರ ಸರ್ಕಾರದ ಶಾಸನ ಶಾಖೆ 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದು ನೆಲೆಸಿದೆ; ಬಲ್ಲವರಿಗೆ ಕೊರತೆಯಿಲ್ಲ. ಒಂದು ಸಾಲು ಹಳಗನ್ನಡವನ್ನು ತಾನೇ ಓದಿದ ಹುಡುಗ ಮತ್ತೆ ಆ ಕಲ್ಲಿನ ಮೇಲೆ ಬಟ್ಟೆ ಒಗೆಯಲಾರ. ನಿಧಿಯ ಆಸೆಗೆ ವೀರಗಲ್ಲುಗಳನ್ನೂ ಲಿಂಗಗಳನ್ನೂ ಕಿತ್ತು ಬುಡ ಅಗೆಯುವ ದುರುಳರು ನಾಡಿನ ತುಂಬ ಇದ್ದಾರೆ. ಅವರನ್ನು ತಡೆಯಲು ಪ್ರತಿಯೊಂದು ಕಲ್ಲಿಗೂ ಒಬ್ಬ ಪೊಲೀಸಿನವನನ್ನು ನಿಲ್ಲಿಸುವುದು ಯಾವ ಸರ್ಕಾರದಿಂದಲೂ ಆಗದ ಕೆಲಸ. ಕಲ್ಲು ಏನು ಹೇಳುತ್ತದೆಂದು ಬಲ್ಲ ಊರು ಮಾತ್ರ ಅದನ್ನು ಕಾಯಬಲ್ಲುದು. ಅಪಾಯದಲ್ಲಿರುವ ವಸ್ತು ಯಾವುದೆಂದರೆ ಇದೇ, ಬಸ್ಸಿನ ಗಾಜಿನೊಳಗಿನದಲ್ಲ.

ಇಲ್ಲಿ ಹಲ್ಮಿಡಿಯ ವಿಚಾರ ನೆನಪಾಗುತ್ತದೆ. ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಆ ಶಾಸನದ ಮೂಲ ಮೈಸೂರಿಗೆ ಹೋಯಿತು. ಊರಿನಲ್ಲಿ ಈಗ ಒಂದು ಮಂಟಪದೊಳಗೆ ಅದರ ಪ್ರತಿಕೃತಿ ನಿಂತಿದೆ. ಮೂಲವನ್ನು ಭದ್ರವಾದ ಸ್ಥಳಕ್ಕೆ ಸಾಗಿಸಿದ್ದರಲ್ಲಿ ತಪ್ಪೆಣಿಸಲಾರೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿ ನಿಲ್ಲಿಸಿರುವ ಕಲ್ಲುಗಳೂ ಹೊಲಗದ್ದೆಗಳಲ್ಲೇ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಎಷ್ಟು ಉಳಿಯುತ್ತಿದ್ದುವೋ. ಆದರೆ ಕಲ್ಲು ಪೇಟೆಗೆ ಹೋದ ಮೇಲೆ ಊರಿಗೆ ಏನಾದರೂ ಹಿಂದಿರುಗಬೇಕು. ಹಲ್ಮಿಡಿಗೆ ಪ್ರತಿಕೃತಿಯಾದರೂ ಹಿಂದಿರುಗಿತು. ಹೆಸರು ಕೇಳದ ಇತರ ನೂರಾರು ಹಳ್ಳಿಗಳಿಗೆ ಒಂದು ಹಾಳೆಯೂ ಹಿಂದಿರುಗಿಲ್ಲ. ಸಂಚಾರಿ ಸಂಗ್ರಹಾಲಯದ ನಿಜವಾದ ಕೆಲಸ ಈ ಸಾಲವನ್ನು ತೀರಿಸುವುದು.

ಮೂರನೆಯದು, ಬಂಡಿಯೊಡನೆ ಬರುವ ಮನುಷ್ಯ. ನಮ್ಮ ಜಾತ್ರೆಗಳಲ್ಲಿ ಬಯಾಸ್ಕೋಪಿನ ಪೆಟ್ಟಿಗೆ ಹೊತ್ತು ಬರುತ್ತಿದ್ದವನನ್ನು ಹಿರಿಯ ಓದುಗರು ಮರೆತಿರಲಾರರು. ಅವನ ಪೆಟ್ಟಿಗೆಯಲ್ಲಿ ಇದ್ದದ್ದು ಮಾಸಿದ ಹತ್ತು ಹನ್ನೆರಡು ಚಿತ್ರ. ಮಕ್ಕಳು ಕಾಸು ಕೊಟ್ಟದ್ದು ಆ ಚಿತ್ರಗಳಿಗಲ್ಲ, ತಾಳ ಹಾಕಿ ಹಾಡಿ ಕುಣಿದು ಅವನು ತೋರಿಸುತ್ತಿದ್ದ ವರಸೆಗೆ. ತೊಗಲುಗೊಂಬೆಯವರ ತೊಗಲಿಗೂ ಹಾಗೆಯೇ ಬಾಯಿ ಬೇಕು. ಈ ವಿದ್ಯೆಯನ್ನು ನಾವು ಇಂಗ್ಲೆಂಡ್ ಅಮೆರಿಕಗಳಿಂದ ಕಲಿಯಬೇಕಾಗಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳೆಂಬ ಏರ್ಪಾಡು ಇತ್ತು. ಪ್ರೊಫೆಸರರು ಸಣ್ಣ ಸಣ್ಣ ಊರುಗಳಿಗೆ ಹೋಗಿ ತಿಳಿಗನ್ನಡದಲ್ಲಿ ಮಾತನಾಡುತ್ತಿದ್ದರು. ಆ ಮಾತು ಅಗ್ಗದ ಬೆಲೆಯ ಪುಟ್ಟ ಪುಸ್ತಕವಾಗಿ ಹಿಂದೆ ಉಳಿಯುತ್ತಿತ್ತು. ಹಳೆಯ ಮನೆಗಳ ಅಟ್ಟಗಳಲ್ಲಿ ಆ ಪುಸ್ತಕಗಳನ್ನು ನಾನು ಕಂಡಿದ್ದೇನೆ, ಅಂಚಿನಲ್ಲಿ ಪೆನ್ಸಿಲಿನ ಗೀಟುಗಳ ಸಮೇತ. ಮಾತನಾಡಿದವರು ಊರು ಬಿಟ್ಟ ಮೇಲೂ ಯಾರೋ ಗೀಟು ಹಾಕುತ್ತ ಓದುತ್ತಿದ್ದರು. ಬಂಡಿ ಹೊರಟುಹೋದ ಮರುದಿನ ಶಾಲೆಯಲ್ಲಿ ಏನು ಉಳಿದಿದೆ ಎಂಬುದನ್ನು ನೋಡಿಯೇ ನಾನು ಪ್ರದರ್ಶನಕ್ಕೆ ಅಂಕ ಕೊಡುವುದು. ಒಂದು ಮರದ ಪೆಟ್ಟಿಗೆ ಸಾಕು: ಊರಿನ ಎರಡು ಮೂರು ಶಾಸನಗಳ ಅಚ್ಚು, ಹೊಸಗನ್ನಡದಲ್ಲಿ ಅವುಗಳ ಅರ್ಥ, ಕದಂಬರ ಕಾಲದಿಂದ ಈಚೆಗೆ ನಮ್ಮ ಅಕ್ಷರಗಳು ಬದಲಾದ ಬಗೆಯನ್ನು ತೋರಿಸುವ ಒಂದು ಪಟ, ತಾಲ್ಲೂಕಿನ ನಕ್ಷೆ, ಉಪಾಧ್ಯಾಯರಿಗೆ ಹದಿನಾರು ಪುಟದ ಒಂದು ಕೈಪುಸ್ತಕ.

ಕಲ್ಲಿನ ಮಾತೇ ಹೆಚ್ಚಾಯಿತು. ಈ ಸೀಮೆಯಲ್ಲಿ ಸಂಗ್ರಹಾಲಯಕ್ಕೆ ತಕ್ಕ ಜೀವಂತ ವಸ್ತುಗಳೂ ಉಂಟು. ಸೊರಬ ಸಾಗರಗಳ ಗುಡಿಗಾರರ ಗಂಧದ ಕೆತ್ತನೆ ಎಲ್ಲೆಲ್ಲಿಯೋ ಗಾಜಿನ ಬೀರುಗಳನ್ನು ಸೇರಿದೆ. ಆ ತಾಲ್ಲೂಕಿನ ಶಾಲೆಯ ಮಗುವಿಗೆ ಅದನ್ನು ಕೈಯಲ್ಲಿ ಹಿಡಿದು ನೋಡುವ ಭಾಗ್ಯ ಅಪೂರ್ವ. ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆಯುವ ಭೂಮಣ್ಣಿ ಬುಟ್ಟಿ, ಇವುಗಳ ಮುಂದೆ ನಿಂತು ಅವುಗಳ ಲೆಕ್ಕಾಚಾರವನ್ನು ಹೇಳಬಲ್ಲವರು ಅದೇ ಊರಿನ ಅಜ್ಜಿಯರು. ಪ್ರದರ್ಶನದಲ್ಲಿ ಅವರು ನೋಡುವವರ ಸಾಲಿನಲ್ಲಿ ನಿಲ್ಲಬೇಕೆ, ಹೇಳುವವರ ಕುರ್ಚಿಯಲ್ಲಿ ಕೂರಬೇಕೆ? ಪುಂಡಿಯ ನಾರಿನ ಕುಂಚ ಹಿಡಿದು ಒಂದೇ ಉಸಿರಿಗೆ ನೇರವಾದ ಗೆರೆ ಎಳೆಯುವ ಅಜ್ಜಿಗೆ ‘ಜಾನಪದ ಕಲೆ’ ಎಂಬ ಫಲಕವನ್ನು ಓದಿ ಹೇಳುವುದು ತೀರ ಅಸಂಗತ.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಬಂಡಿಗೆ ಹೊರಗಿನಿಂದ ಬಣ್ಣ ಹಚ್ಚಲು, ಉದ್ಘಾಟನೆಗೆ ಪೆಂಡಾಲು ಹಾಕಲು, ಹಾರತುರಾಯಿಗೆ ಹಣ ಸಿಕ್ಕುವ ನಾಡಿನಲ್ಲಿ ಒಂದು ಮರದ ಪೆಟ್ಟಿಗೆಗೆ ಸಿಕ್ಕದೆ? ಸಿಕ್ಕಬೇಕಾದ್ದು ಹಣಕ್ಕಿಂತ ಹೆಚ್ಚಾಗಿ ಒಂದಿಬ್ಬರು ಜನ, ಹೊರಡುವ ಮೊದಲು ಊರಿಗೆ ಒಮ್ಮೆ ಬಂದು, ಕೆರೆ ಏರಿ ಸುತ್ತಿ, ಮುದುಕರನ್ನು ಮಾತನಾಡಿಸಿ, ಸಂಪುಟ ತೆರೆದು ಒಂದು ವಾರ ಕೂರುವವರು.

ಬರುವ ಕಾಲದ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಬಂದರೆ ಶಾಲೆಯ ಮೈದಾನ ಕೆಸರು, ಜನ ಗದ್ದೆಯಲ್ಲಿ. ಭೂಮಿ ಹುಣ್ಣಿಮೆ ಕಳೆದು ಕೊಯ್ಲು ಹತ್ತಿಕೊಳ್ಳುವುದರೊಳಗೆ ಕೆಲವು ದಿನ ಬಿಡುವಿರುತ್ತದೆ. ಬುಟ್ಟಿಗಳ ಬಣ್ಣವೂ ಆಗ ಇನ್ನೂ ಹೊಸದಾಗಿರುತ್ತದೆ. ಆಗ ಬರಲಿ. ಮಾರ್ಚಿ ತಿಂಗಳಲ್ಲಿ ಬಂದರೆ ಹೆಡ್‌ಮಾಸ್ತರರು ಪರೀಕ್ಷೆ ಎಂದು ಹೇಳಿ ಗೇಟಿನಿಂದಲೇ ಹಿಂದಕ್ಕೆ ಕಳುಹಿಸುತ್ತಾರೆ.